ಮೂರು ಡಿಸ್ಕಿನ ತೊಟ್ಟಿಲು

ನಮ್ಮ ಅಡುಗೆಮನೆಯ ಕಪಾಟಿನಲ್ಲಿ ಒಂದು ದುಂಡನೆಯ ಪ್ಲಾಸ್ಟಿಕ್ ಡಬ್ಬಿ ಇದೆ. ತಳಕ್ಕೆ ಕರಿಯ ತಟ್ಟೆ, ಅದರ ನಡುವೆ ಬೆರಳು ದಪ್ಪದ ಒಂದು ಕಡ್ಡಿ, ಮೇಲೆ ಗಾಜಿನಂತೆ ಕಾಣುವ ಮುಚ್ಚಳ. ಅದರೊಳಗೆ ಅಮ್ಮ ಕೋಡುಬಳೆ ಇಡುತ್ತಾಳೆ. ಸುಮ್ಮನೆ ಸುರಿಯುವುದಲ್ಲ, ಒಂದೊಂದಾಗಿ ಆ ಕಡ್ಡಿಗೆ ಪೋಣಿಸುತ್ತಾಳೆ. ಒಂದೂ ಮುರಿಯುವುದಿಲ್ಲ, ಗಾಳಿಯಾಡಿ ಮೆತ್ತಗಾಗುವುದಿಲ್ಲ. ಮನೆಗೆ ಬಂದವರು "ಎಲ್ಲಿ ಸಿಗ್ತು ಇದು, ಕೋಡುಬಳೆಗೆ ಅಂತ್ಲೇ ಮಾಡ್ದಂಗಿದೆ" ಎಂದು ಕೇಳಿದರೆ ಅಮ್ಮ "ನಮ್ ಹುಡುಗಿ ಕಂಪ್ಯೂಟರ್‌ದು ಕಣ್ರೀ" ಅನ್ನುತ್ತಾಳೆ. ಬಂದವರ ಜೊತೆಗಿನ ಮಕ್ಕಳು ನನ್ನ ಮುಖ ನೋಡುತ್ತವೆ. ಕಂಪ್ಯೂಟರಿಗೂ ಕೋಡುಬಳೆಗೂ ಏನು ಸಂಬಂಧ ಎಂದು ಕೇಳುವ ಧೈರ್ಯ ಅವಕ್ಕಿಲ್ಲ. ಖಾಲಿ ಡಿ.ವಿ.ಡಿ.ಗಳು ಹೀಗೆ ಪೋಣಿಸಿಕೊಂಡು ಅಂಗಡಿಗೆ ಬರುತ್ತಿದ್ದ ಕಾಲ ಅವು ಕಂಡದ್ದಲ್ಲ.

ಈಗ ಯಾರದೋ ಮದುವೆಯ ಊಟದ ಸಾಲಿನಲ್ಲಿ ಕೂತೇ ಆ ಮದುವೆಯ ವಿಡಿಯೋ ಊರಿಗೆ ಕಳಿಸಿಬಿಡುತ್ತೇವೆ. ಹೋಳಿಗೆ ಎಲೆಗೆ ಬೀಳುವ ಮೊದಲೇ ಅದು ಊರು ತಲುಪಿರುತ್ತದೆ. ನಾನು ಹೇಳುತ್ತಿರುವುದು ಅದಕ್ಕೆ ಹಿಂದಿನ ಮಾತು. ಪೀಣ್ಯದ ಕಡೆ ಮೆಟ್ರೋ ಕಂಬಗಳು ಇನ್ನೂ ಎದ್ದಿರಲಿಲ್ಲ. ಒಂದು ಸಿನಿಮಾ, ಅಂದರೆ ಮನೆಯಲ್ಲೇ ನಾವು ತೆಗೆದುಕೊಂಡ ಸಿನಿಮಾ, ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹೋಗಬೇಕಾದರೆ ಅದಕ್ಕೆ ಆಟೋ ಬೇಕಾಗುತ್ತಿತ್ತು. ತಮಾಷೆಗೆ ಹೇಳುತ್ತಿಲ್ಲ.

ನಮ್ಮ ವಂಶದಲ್ಲಿ ಪದವಿ ಪಡೆದ ಮೊದಲನೆಯವಳು ನಾನು. ಇದನ್ನು ಹೇಳದೆ ನಾನು ಯಾವ ಕತೆಯನ್ನೂ ಶುರು ಮಾಡುವುದಿಲ್ಲ ಎಂದು ಗೆಳತಿಯರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಅಪ್ಪ ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ಲೇತ್ ಮೇಲೆ ನಿಂತು, ಅಮ್ಮ ಗಾರ್ಮೆಂಟ್ಸಿನಲ್ಲಿ ಕಾಜಾ ಹೊಲಿದು ಓದಿಸಿದ ಬಿ.ಎಸ್ಸಿ. ಅದು. ಕಾಲೇಜಿಗೆ ಎರಡು ಬಸ್ಸು. ಕೂತು ಓದಿದ್ದಕ್ಕಿಂತ ಬಸ್ಸಿನ ಕಂಬಿ ಹಿಡಿದು ನಿಂತು ಓದಿದ್ದೇ ಹೆಚ್ಚು. ಫಲಿತಾಂಶ ಬಂದ ವಾರ ಅಪ್ಪ ಬಾಗಲಗುಂಟೆಯ ನಮ್ಮ ಮನೆಯ ಗೇಟಿಗೆ ಒಂದು ಹಿತ್ತಾಳೆ ಫಲಕ ಹಾಕಿದ. ಅದರಲ್ಲಿ ಅವನ ಹೆಸರಿಲ್ಲ. ನನ್ನ ಹೆಸರು, ಪಕ್ಕದಲ್ಲಿ ಬಿ.ಎಸ್ಸಿ. ಅಕ್ಷರಗಳನ್ನು ತಾನೇ ಮಿಲ್ಲಿಂಗ್ ಮೆಷಿನ್ನಿನಲ್ಲಿ ಕೊರೆದಿದ್ದ, ಮಳೆಬಿಸಿಲಿಗೆ ಅಳಿಸುವಂಥದ್ದಲ್ಲ.

ಆ ಫಲಕದಿಂದ ಆದ ತೊಂದರೆ ಒಂದೆರಡಲ್ಲ. ನಾನು ಓದಿದ್ದು ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ. ಬೀದಿಯವರ ಪ್ರಕಾರ ಬಿ.ಎಸ್ಸಿ. ಎಂದರೆ ಮಿಕ್ಸಿ, ಟಿ.ವಿ., ಗ್ಯಾಸಿನ ಒಲೆ, ಕೊನೆಗೆ ನೀರಿನ ಮೀಟರು ಕೂಡ. ಗಿರಣಿಯ ಹೆಂಗಸೊಬ್ಬಳು ಮಗನ ಜ್ವರಕ್ಕೆ ಯಾವ ಮಾತ್ರೆ ಎಂದು ಕೇಳಿಕೊಂಡು ಬಂದಿದ್ದಳು. ಗೊತ್ತಿಲ್ಲ ಅನ್ನಲು ನನಗೆ ಬಾಯಿ ಬರುತ್ತಿರಲಿಲ್ಲ. ಅಷ್ಟು ಕಷ್ಟಪಟ್ಟು ಪಡೆದ ಪದವಿ, ಗೊತ್ತಿಲ್ಲ ಅಂದರೆ ಅದಕ್ಕೆ ಅವಮಾನವಲ್ಲವೇ? ಹಾಗಾಗಿ ಎಲ್ಲದಕ್ಕೂ "ನೋಡೋಣ ಬಿಡಿ" ಅನ್ನುತ್ತಿದ್ದೆ. ಶಾಂತವ್ವನಿಗೂ ಹಾಗೇ ಅಂದದ್ದು.

ಶಾಂತವ್ವ ನಮ್ಮ ತಾರಸಿಯ ಮೇಲಿನ ಒಂಟಿ ಕೋಣೆಯ ಬಾಡಿಗೆಯವಳು. ಬಾದಾಮಿ ಕಡೆಯ ಹುಡುಗಿ. ಗಂಡ ಮಲ್ಲಪ್ಪ ಪೀಣ್ಯದಲ್ಲಿ ಕಬ್ಬಿಣ ಕಾಯಿಸಿ ಬಡಿಯುವ ಫೋರ್ಜಿಂಗ್ ಕಾರ್ಖಾನೆಯಲ್ಲಿದ್ದ. ಮಾತು ಕಮ್ಮಿ, ನಗು ಜಾಸ್ತಿ. ಶಾಂತವ್ವ ಅದಕ್ಕೆ ತದ್ವಿರುದ್ಧ. ಅವಳು ನೀರು ಹಿಡಿಯಲು ಕೆಳಗಿಳಿದರೆ ಕೊಡ ತುಂಬಿ, ಹರಿದು, ಅಂಗಳವೆಲ್ಲ ಒದ್ದೆಯಾದ ಮೇಲೂ ಮಾತು ಮುಗಿಯುತ್ತಿರಲಿಲ್ಲ.

ಆ ವರ್ಷ ಅವಳಿಗೆ ಮೊದಲ ಹೆರಿಗೆ. ಮೊದಲ ಹೆರಿಗೆ ತವರಿನಲ್ಲೇ ಆಗಬೇಕು, ತೊಟ್ಟಿಲೂ ತವರಿನಿಂದಲೇ ಬರಬೇಕು. ಅವಳ ತಾಯಿ ಕರೆದೊಯ್ಯಲು ಬರುವವಳಿದ್ದಳು. ಅಷ್ಟರಲ್ಲಿ ಇಲ್ಲಿಯ ಡಾಕ್ಟರು, ರಾತ್ರಿಯೆಲ್ಲ ಬಸ್ಸಿನಲ್ಲಿ ಕುಲುಕಿಕೊಂಡು ಹೋಗುವುದು ಬೇಡವೇ ಬೇಡ ಅಂದುಬಿಟ್ಟರು. ಇದನ್ನು ಫೋನಿನಲ್ಲಿ ಹೇಳಿದ್ದಕ್ಕೆ ತಾಯಿ, "ಬೆಂಗ್ಳೂರ ನೀರ ಕುಡದ ಮ್ಯಾಲ ತವರ ಯಾಕ ಬೇಕಾಕೈತಿ ನಿನಗ? ನೀನ ಹಡಕೋ, ನೀನ ತೊಟ್ಟಲಾ ಕಟ್ಟಕೋ" ಅಂದಳಂತೆ. ಮಗಳು, "ಕಟ್ಟಕೋತೀನಿ ತಗೋ" ಅಂದಳಂತೆ. ಇಬ್ಬರೂ ಫೋನಿಟ್ಟರು. ಅಲ್ಲಿಂದ ಮುಂದೆ ತಾಯಿ ಮಗಳ ನಡುವೆ ಮಾತಿಲ್ಲ. ಹೆಣ್ಣು ಕೂಸು ಹುಟ್ಟಿದ ಸುದ್ದಿಯನ್ನೂ ಮಲ್ಲಪ್ಪನೇ ಫೋನ್ ಮಾಡಿ ತಿಳಿಸಿದ.

ತೊಟ್ಟಿಲನ್ನು ಅಪ್ಪ ಮಾಡಿದ. ವರ್ಕ್‌ಶಾಪಿನಲ್ಲಿ ಉಳಿದ ಪೈಪಿನ ತುಂಡುಗಳನ್ನು ಕೇಳಿ ತಂದು ಬೆಸೆದು, ತೂಗುವ ಕಡೆ ಎರಡು ಬಾಲ್ ಬೇರಿಂಗ್ ಕೂರಿಸಿ, ಅಲ್ಲಿ ಯಂತ್ರಗಳಿಗೆ ಬಳಿಯುವ ಹಸಿರು ಬಣ್ಣವನ್ನೇ ಬಳಿದು ತಂದ. ಬೆರಳಲ್ಲಿ ಒಮ್ಮೆ ತಳ್ಳಿದರೆ ಸಾಕು, ಅದು ತೂಗುತ್ತಲೇ ಇರುತ್ತಿತ್ತು. ಒಂದಿಷ್ಟೂ ಸದ್ದಿಲ್ಲ.

"ಕಾಕಾ, ತೊಟ್ಟಲಾ ಭಾಳ ಚಲೋ ಆಗೈತ್ರಿ," ಅಂದಳು ಶಾಂತವ್ವ. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ನಮ್ಮವ್ವ ನೋಡಿದ್ರ ಇದೇನ ಕೂಸಿನ ತೊಟ್ಟಲೊ, ಕಬ್ಬಿನ ಗಾಣೊ ಅಂತಾಳ್ರಿ ಅಕ್ಕಾರ."

ಹೆಸರಿಡುವ ದಿನ ಗೊತ್ತಾದಾಗ ಅವಳು ನನ್ನ ಹತ್ತಿರ ಬಂದಳು. "ಅಕ್ಕಾರ, ಎಲ್ಲಾ ಶೂಟಿಂಗ್ ಮಾಡ್ಬೇಕ್ರಿ ನೀವು. ಮೊದಲಿಂದ ಕಡೀತನ. ನಮ್ಮವ್ವಗ ಕಳಸಾಕಿ ಅದೀನಿ. ಒಂದ್ ಶಾಸ್ತ್ರಾನೂ ಬಿಟ್ಟಿಲ್ಲ ಅಂತ ಆಕಿ ಕಣ್ಣಾರೆ ನೋಡ್ಬೇಕು. ಒಂದ ಒಂದ ಕತ್ತರಸಿದ್ರೂ, ಅದನ್ನ ಬಿಟ್ಟೀರಿ, ಅದಕ್ಕ ತಗದೀರಿ ಅಂತಾಳ ಆಕಿ. ನಿಮಗ ಗೊತ್ತಿಲ್ಲ ನಮ್ಮವ್ವ."

"ನೋಡೋಣ ಬಿಡು," ಅಂದೆ.

ನನ್ನ ಆಫೀಸಿನ ಸಹೋದ್ಯೋಗಿಯೊಬ್ಬರ ಹ್ಯಾಂಡಿಕ್ಯಾಮ್ ಒಂದು ಭಾನುವಾರದ ಮಟ್ಟಿಗೆ ಸಿಕ್ಕಿತು. ಅದರೊಳಗೇ ಹಾರ್ಡ್ ಡಿಸ್ಕ್ ಇತ್ತು, ಕ್ಯಾಸೆಟ್ ಬದಲಿಸುವ ತಾಪತ್ರಯವಿಲ್ಲ. ಒಮ್ಮೆ ಗುಂಡಿ ಒತ್ತಿದರೆ ಅದರ ಪಾಡಿಗೆ ಅದು ನುಂಗುತ್ತಿರುತ್ತದೆ. ನಿಲ್ಲಿಸಲು ಇನ್ನೊಮ್ಮೆ ಒತ್ತಬೇಕು ಎಂಬುದು ನನಗೆ ಸರಿಯಾಗಿ ನೆನಪಿರುತ್ತಿರಲಿಲ್ಲ. ಬಿ.ಎಸ್ಸಿ.ಯಲ್ಲಿ ಅದು ಇರಲಿಲ್ಲ.

ಶಾಸ್ತ್ರಗಳೆಲ್ಲ ನಡೆದವು. ಕೂಸಿಗಿಂತ ಮೊದಲು ತೊಟ್ಟಿಲಲ್ಲಿ ಗುಂಡುಕಲ್ಲನ್ನು ಮಲಗಿಸಿ ತೂಗಿದರು. ಕುಂಚಿಗೆ ತೊಡಿಸಿದ ಆ ಕಲ್ಲು ನೋಡಲು ಕೂಸಿಗಿಂತ ಗಂಭೀರವಾಗಿತ್ತು. ಆ ಕಡೆಯ ಹೆಂಗಸರು ಓಣಿಯಲ್ಲಿ ಎಷ್ಟು ಜನ ಇದ್ದರೋ ಅಷ್ಟೂ ಬಂದು ಹಾಡಿದರು. ಎಲ್ಲ ಸಿದ್ಧವಾದ ಮೇಲೂ ಶಾಂತವ್ವ "ಇನ್ನೊಂಚೂರು ತಡೀರಿ, ಇನ್ನೊಂಚೂರು ತಡೀರಿ" ಅನ್ನುತ್ತಲೇ ಇದ್ದಳು. ಮಲ್ಲಪ್ಪನ ಜೊತೆಯವರು ಪಾಳಿ ಮುಗಿಸಿ ಬರಲಿ ಎಂದು ಕಾಯುತ್ತಿದ್ದಾಳೆ ಅಂದುಕೊಂಡೆ. ಕೈ ಸೋತು ಕ್ಯಾಮೆರಾವನ್ನು ತಾರಸಿಯ ನೀರಿನ ತೊಟ್ಟಿಯ ಕಟ್ಟೆಯ ಮೇಲಿಟ್ಟು ಅಮ್ಮನ ಜೊತೆ ಎಲೆ ಒರೆಸಲು ಕೂತೆ.

ಮಲ್ಲಪ್ಪನಿಗೆ ಅಕ್ಕತಂಗಿಯರಿಲ್ಲ. ಹೆಸರು ಕರೆಯುವ ಸೋದರತ್ತೆ ನೀವೇ ಆಗಬೇಕು ಎಂದು ನನ್ನನ್ನೇ ಎಬ್ಬಿಸಿದರು. ಕ್ಯಾಮೆರಾವನ್ನು ಅಪ್ಪನ ಕೈಗೆ ಕೊಟ್ಟು, ನಾನು ಬಗ್ಗಿ ಕೂಸಿನ ಕಿವಿಯಲ್ಲಿ "ಸಹನಾ" ಎಂದೆ. ಅಷ್ಟೇ, ಬೆನ್ನಿನ ಮೇಲೆ ಧಬಧಬನೆ ಗುದ್ದುಗಳು! ಹೆಸರು ಕರೆದ ಅತ್ತೆಯ ಬೆನ್ನಿಗೆ ಹೆಂಗಸರೆಲ್ಲ ಸೇರಿ ಗುದ್ದುವುದು ಆ ಕಡೆಯ ಪದ್ಧತಿಯಂತೆ. ಮೊದಲೇ ಒಂದು ಮಾತು ಹೇಳಬಾರದೆ? ಸಿನಿಮಾದಲ್ಲಿ ಆ ಕ್ಷಣದ ನನ್ನ ಮುಖ ಕಾಣಬೇಕಿತ್ತು. ಪುಣ್ಯಕ್ಕೆ ಕಾಣುವುದಿಲ್ಲ. ಹೆಸರಿಡುವ ಹೊತ್ತಿನಲ್ಲೆಲ್ಲ ಅಪ್ಪ ಕ್ಯಾಮೆರಾವನ್ನು ತೊಟ್ಟಿಲಿನ ಬೇರಿಂಗಿಗೆ ಹಿಡಿದಿದ್ದ. ನನ್ನ ಒಂದು ಕಿವಿ, ಕೂಸಿನ ಕುಂಚಿಗೆಯ ತುದಿ, ಬಾಕಿಯೆಲ್ಲ ಬೇರಿಂಗು.

"ಅದೇ ಅಲ್ವೇನವ್ವ ಮೇನು? ಎಂಗೆ ತಿರುಗ್ತಾ ಐತೆ ನೋಡು," ಅಂದ ಆಮೇಲೆ.

ಕೇಬಲ್ ಹಾಕಿ ನನ್ನ ಕಂಪ್ಯೂಟರಿಗೆ ಇಳಿಸಿಕೊಂಡಾಗ ಆ ಸಿನಿಮಾದ ಗಾತ್ರ ನಂಬಲಾಗದೆ ಎರಡೆರಡು ಸಲ ಓದಿದೆ. ನನ್ನ ಕಂಪ್ಯೂಟರು ಆಫೀಸಿನವರು ಹೊಸದು ತಂದಾಗ ಹಳೆಯದೆಂದು ಬಿಟ್ಟುಕೊಟ್ಟದ್ದು. ಅದರಲ್ಲಿ ಸಿ.ಡಿ. ಓದಬಹುದಿತ್ತೇ ಹೊರತು ಡಿ.ವಿ.ಡಿ. ಬರೆಯಲು ಆಗುತ್ತಿರಲಿಲ್ಲ. ಡಿ.ವಿ.ಡಿ. ಬರೆಯುವ ಯಂತ್ರ ಇದ್ದದ್ದು ನಮ್ಮ ಹಿಂದಿನ ಬೀದಿಯ ಇಮ್ರಾನನ ಬ್ರೌಸಿಂಗ್ ಸೆಂಟರಿನಲ್ಲಿ. ಅವನು ಕೊಟ್ಟ ಪೆನ್ ಡ್ರೈವ್ ತಂದು ಚುಚ್ಚಿದೆ. ಜಾಗ ಧಾರಾಳವಾಗಿ ಖಾಲಿ ಇದೆ ಎಂದು ತೋರಿಸಿತು, ಆದರೆ ಫೈಲು ತುಂಬ ದೊಡ್ಡದು, ಹಿಡಿಸುವುದಿಲ್ಲ ಎಂದಿತು. ಮತ್ತೆ ಪ್ರಯತ್ನಿಸಿದೆ. ಮತ್ತೆ ಅದೇ ಉತ್ತರ.

ಹಿಂದೆ ನಿಂತು ನೋಡುತ್ತಿದ್ದ ಅಪ್ಪ, "ಜಾಗ ಮಡಿಕ್ಕೊಂಡೇ ಇಲ್ಲ ಅಂತೈತಲ್ಲವ್ವ. ನಮ್ ಹಳೇ ಓನರ್ರು ಇಂಗೇ ಅಂತಿದ್ದ," ಅಂದ.

ಒಂದು ಮಿತಿಗಿಂತ ದೊಡ್ಡದಾದ ಒಂದೇ ಫೈಲನ್ನು ಆ ಪೆನ್ ಡ್ರೈವುಗಳು ಎಷ್ಟು ಜಾಗವಿದ್ದರೂ ಒಪ್ಪುವುದಿಲ್ಲ, ಡ್ರೈವನ್ನೇ ಬೇರೆ ಬಗೆಯಲ್ಲಿ ಸಿದ್ಧ ಮಾಡಿಕೊಳ್ಳಬೇಕು ಎಂದು ಬಹಳ ದಿನಗಳ ಮೇಲೆ ತಿಳಿಯಿತು. ಆಗ ಹೊಳೆದದ್ದು ಒಂದೇ ದಾರಿ. ಕಂಪ್ಯೂಟರಿನ ಪೆಟ್ಟಿಗೆಯನ್ನೇ ಬಿಚ್ಚಿ, ಹಳೇ ಕಂಬಳಿಯಲ್ಲಿ ಸುತ್ತಿ, ಆಟೋದಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಹೊರಟೆ. ಆಟೋದವನು ಕನ್ನಡಿಯಲ್ಲಿ ನೋಡಿ, "ಮೆಲ್ಲಗೆ ಹೋಗ್ಲಾ ಅಕ್ಕ? ಎಷ್ಟು ತಿಂಗಳು ಮಗೂಗೆ?" ಅಂದ. ಹಂಪು ಬಂದಾಗ ನಾನು ಅದನ್ನು ಅವುಚಿಕೊಂಡದ್ದು ನೋಡಿದರೆ ಯಾರಾದರೂ ಹಾಗೇ ತಿಳಿಯುತ್ತಿದ್ದರು.

ಇಮ್ರಾನನ ಅಂಗಡಿಯ ವಿಶೇಷವೆಂದರೆ ಅದರ ಎದುರಿಗೇ ಒಂದು ಪವರ್ ಪ್ರೆಸ್ ಶೆಡ್ಡು. ತಗಡು ಕತ್ತರಿಸುವ ಆ ಯಂತ್ರ ಧಡ್ ಧಡ್ ಎಂದು ಬಡಿಯುತ್ತಿದ್ದರೆ ಇಮ್ರಾನನ ಟೇಬಲ್ಲಿನ ಟೀ ಲೋಟದಲ್ಲಿ ಅಲೆ ಏಳುತ್ತಿತ್ತು, ಟ್ಯೂಬ್‌ಲೈಟು ಕಣ್ಣು ಮಿಟುಕಿಸುತ್ತಿತ್ತು. ಅಲುಗಾಟಕ್ಕೋ ವೋಲ್ಟೇಜಿಗೋ ಡಿಸ್ಕುಗಳು ಅರ್ಧಕ್ಕೆ ಕೆಟ್ಟುಹೋಗುತ್ತಿದ್ದವು. ಹಾಗಾಗಿ ಅವನು ಡಿ.ವಿ.ಡಿ. ಬರೆಯುತ್ತಿದ್ದದ್ದು ಪ್ರೆಸ್ಸಿನವರ ಟೀ ವಿರಾಮದಲ್ಲಿ, ಊಟದ ವಿರಾಮದಲ್ಲಿ. ಉಳಿದ ಹೊತ್ತಿನಲ್ಲಿ ಡಿಸ್ಕ್ ಮುಟ್ಟುತ್ತಿರಲಿಲ್ಲ.

"ಸೈರನ್ ಆಗ್ಲಿ ಮೇಡಂ," ಅಂದ, ಬಾಗಿಲ ಕಡೆ ಕಿವಿ ಇಟ್ಟುಕೊಂಡು. "ಅವ್ರು ಊಟಕ್ಕೆ ಕೂತ್ಕೊಂಡ್ರೆ ಒಂದು ಡಿಸ್ಕ್ ಆರಾಮಾಗಿ ಆಗುತ್ತೆ. ಇವತ್ತು ಬಿರಿಯಾನಿ ತಂದಿದಾರೆ, ಮೆಲ್ಲಗೆ ತಿಂತಾರೆ. ಎರಡಾದ್ರೂ ಆಗ್ಬೋದು."

"ಎಲ್ಲ ಒಂದೇ ಡಿಸ್ಕಿಗೆ ಹಿಡಿಯಲ್ವಾ?"

"ಕಂಪ್ರೆಸ್ ಮಾಡಿದ್ರೆ ಹಿಡಿಯುತ್ತೆ. ಆದ್ರೆ ಮುಖ ಎಲ್ಲಾ ಇಡ್ಲಿ ತರ ಕಾಣುತ್ತೆ. ಇದೇನ್ ಮೇಡಂ ಇಷ್ಟುದ್ದ? ನಮ್ಮ ಭಾಯಿ ನಿಕಾಹ್‌ದು ಕೂಡ ಇಷ್ಟಿಲ್ಲ."

"ಏನೂ ಕತ್ತರಿಸಬಾರದು ಅಂತ ಆಜ್ಞೆ ಆಗಿದೆ ಕಣಪ್ಪ."

ಅಂತೂ ಪ್ರೆಸ್ಸಿನವರು ಉಂಡು, ಟೀ ಕುಡಿದು, ಮತ್ತೆ ಟೀ ಕುಡಿಯುವಷ್ಟರಲ್ಲಿ ಮೂರು ಡಿಸ್ಕುಗಳಾದವು. ಅವನು ಮಾರ್ಕರಿನಲ್ಲಿ ಅವುಗಳ ಮೇಲೆ ಒಂದು, ಎರಡು, ಮೂರು ಎಂದು ಬರೆದುಕೊಟ್ಟ. ಖಾಲಿಯಾದ ಡಬ್ಬಿಯನ್ನೂ ಕೊಟ್ಟ. ಮೊದಲು ಹೇಳಿದೆನಲ್ಲ, ಅದೇ ಡಬ್ಬಿ.

ಸಂಜೆ ನಮ್ಮ ನಡುಮನೆಯ ಡಿ.ವಿ.ಡಿ. ಪ್ಲೇಯರಿಗೆ ಹಾಕಿ ಡಿಸ್ಕ್ ಸರಿಯಾಗಿದೆಯೇ ಎಂದು ನೋಡಲು ನಾನೂ ಶಾಂತವ್ವನೂ ಕೂತೆವು. ಕೂಸು ಅವಳ ಮಡಿಲಲ್ಲಿ ಮಲಗಿತ್ತು. ಮೊದಲನೆಯ ಡಿಸ್ಕಿನಲ್ಲಿ ಎಲ್ಲ ಸರಿಯಾಗಿತ್ತು. ಗುಂಡುಕಲ್ಲು ಕಂಡಾಗ ಅವಳು ಚಪ್ಪಾಳೆ ತಟ್ಟಿದಳು. "ಇದನ್ನ ನೋಡಿದ್ರ ನಮ್ಮವ್ವನ ಬಾಯಿ ಮುಚ್ಚತೈತಿ ನೋಡ್ರಿ."

ಎರಡನೆಯದು ಹಾಕಿದಾಗ ಪರದೆಯ ಮೇಲೆ ನಮ್ಮ ತಾರಸಿಯ ಮೆಟ್ಟಿಲ ತುದಿ, ಗಿಡ್ಡ ಗೋಡೆ, ಚಪ್ಪಲಿಗಳ ರಾಶಿ. ಬೇರೇನಿಲ್ಲ. ನಾನು ನಿಲ್ಲಿಸದೆ ಕಟ್ಟೆಯ ಮೇಲಿಟ್ಟ ಕ್ಯಾಮೆರಾ ಎಲ್ಲವನ್ನೂ ನುಂಗಿತ್ತು. "ಅಯ್ಯೋ, ಇದೆಲ್ಲ ದಂಡ. ಇದೊಂದನ್ನ ತೆಗೆದ್ರೆ ಎರಡೇ ಡಿಸ್ಕಿಗೆ ಮುಗಿಯುತ್ತೆ ಶಾಂತವ್ವ," ಅಂದೆ.

ಆಗ ಪರದೆಯ ಮೇಲೆ ಅವಳು ಬಂದಳು. ಹಸಿರು ಇಳಕಲ್ ಸೀರೆ, ತಲೆತುಂಬ ಹೂವು. ಗಿಡ್ಡ ಗೋಡೆಯ ಮೇಲೆ ಬಗ್ಗಿ ಬಸ್‌ಸ್ಟಾಪಿನ ಕಡೆಯ ಬೀದಿಯನ್ನು ನೋಡಿದಳು. ಒಳಗೆ ಹೋದಳು. ಚಪ್ಪಲಿಗಳು ಹಾಗೇ ಇದ್ದವು. ಸ್ವಲ್ಪ ಹೊತ್ತಿಗೆ ಮತ್ತೆ ಬಂದಳು, ಬಿಸಿಲಿಗೆ ಕೈ ಅಡ್ಡ ಹಿಡಿದು ನೋಡಿದಳು. ಮತ್ತೆ ಹೋದಳು. ಇನ್ನೊಮ್ಮೆ ಕೂಸನ್ನು ಎತ್ತಿಕೊಂಡೇ ಬಂದಳು. ಒಳಗಿನಿಂದ ಯಾರೋ ಕರೆದರು. "ಬಂದೆ, ಬಂದೆ" ಅಂದಳೇ ಹೊರತು ಕದಲಲಿಲ್ಲ. ಕೆಳಗೆ ಆಟೋ ನಿಂತ ಸದ್ದಾಯಿತು. ಅವಳು ಸೆರಗು ಸರಿಮಾಡಿಕೊಂಡು ಇಣುಕಿದಳು. ಆಟೋ ಯಾರದೋ ಮನೆಗೆ ಬಂದದ್ದು.

ಪಾಳಿ ಮುಗಿಸಿ ಬರುವವರಿಗಾಗಿ ಅವಳು ಕಾಯುತ್ತಿರಲಿಲ್ಲ ಎಂದು ನನಗೆ ಗೊತ್ತಾದದ್ದು ಆಗಲೇ. ನಾನು ಅವಳ ಕಡೆ ನೋಡಲಿಲ್ಲ. ಅವಳೂ ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಇದನ್ನ ತಗದ ಬಿಡ್ರಿ ಅಕ್ಕಾರ," ಅಂದಳು ಕೊನೆಗೆ.

"ಏನೂ ಕತ್ತರಿಸಬಾರದು ಅಂದಿದ್ದೆಯಲ್ಲ?"

"ಶಾಸ್ತ್ರ ಕತ್ತರಸಬ್ಯಾಡ್ರಿ ಅಂದಿದ್ದೆ. ಇದ ಶಾಸ್ತ್ರ ಅಲ್ಲಲ್ರಿ." ಕೂಸಿನ ಕಾಲಿನ ಮೇಲೆ ಬಟ್ಟೆ ಎಳೆದಳು. "ನೀ ಬರದಿದ್ರ ನನಗೇನ ಅಂತ ತೋರ್ಸಾಕ ಈ ಸಿನಿಮಾ ಕಳಸಾಕತ್ತೀನಿ. ಇದನ್ನ ನೋಡಿದ್ರ ಆಕಿ ಗೆದ್ದಂಗ ಆತಲ್ಲ."

ಹಿಂದೆಂದೂ ನಾನು ಯಾವುದನ್ನೂ ಕತ್ತರಿಸಲು ಇಷ್ಟು ಹಿಂಜರಿದದ್ದಿಲ್ಲ. ಇರಲಿ ಬಿಡು ಎಂದು ಹೇಳಬೇಕೆನಿಸಿತು. ಆದರೆ ಸಿನಿಮಾ ಅವಳದು, ಅವ್ವ ಅವಳವಳು. ಕಂಬಳಿ, ಆಟೋ, ಇಮ್ರಾನ್, ಸೈರನ್ ಎಲ್ಲವೂ ಇನ್ನೊಮ್ಮೆ ನಡೆದವು. ಮೆಟ್ಟಿಲ ಭಾಗ ತೆಗೆದ ಹೊಸ ಸಿನಿಮಾ ಎರಡು ಡಿಸ್ಕಿನಲ್ಲಿ ಸಿದ್ಧವಾಗಿ ನನ್ನ ಕಂಪ್ಯೂಟರಿನ ಪಕ್ಕದಲ್ಲಿ ಕೂತಿತು. ಹಳೆಯ ಮೂರು ಡಿಸ್ಕುಗಳನ್ನು ಶಾಂತವ್ವ, "ಇವು ನನ್ನ ಹಂತ್ಯಾಕ ಇರ್ಲಿ," ಎಂದು ಮೇಲೆ ಒಯ್ದಳು. ಆಯುಧಪೂಜೆಯ ಸಂಜೆಯ ಬಸ್ಸಿಗೆ ಮಲ್ಲಪ್ಪ ಟಿಕೆಟ್ ಮಾಡಿಸಿದ್ದ. ಕಾರ್ಖಾನೆಗೆ ರಜೆ, ಡಾಕ್ಟರೂ ಈಗ ಹೋಗಬಹುದು ಅಂದಿದ್ದರು. ಕೂಸನ್ನು ಅಜ್ಜಿಗೆ ತೋರಿಸಲು ಹೋಗುವುದಲ್ಲ, ಅಣ್ಣನ ಮನೆಗೆ ಹೋಗುವುದು ಎಂದು ಶಾಂತವ್ವ ಎಲ್ಲರಿಗೂ ಹೇಳಿಕೊಂಡು ಓಡಾಡಿದಳು. ಅಣ್ಣ, ಅವ್ವ ಇರುವುದು ಒಂದೇ ಮನೆಯಲ್ಲಿ.

ಆಯುಧಪೂಜೆ ಎಂದರೆ ನಮ್ಮ ಕಡೆ ದೀಪಾವಳಿಗಿಂತ ದೊಡ್ಡದು. ಪೀಣ್ಯದಲ್ಲಿ ಆ ದಿನ ಲೇತಿನಿಂದ ಹಿಡಿದು ಸ್ಕ್ರೂಡ್ರೈವರಿನವರೆಗೆ ಎಲ್ಲಕ್ಕೂ ಗಂಧ ಕುಂಕುಮ. ರಸ್ತೆಯ ತುಂಬ ಒಡೆದ ಬೂದುಗುಂಬಳಕಾಯಿ. ಪೂಜೆಯಾದ ಯಂತ್ರವನ್ನು ಮಾರನೆಯ ದಿನದ ತನಕ ಯಾರೂ ಮುಟ್ಟುವಂತಿಲ್ಲ. ನಮ್ಮ ಮನೆಯಲ್ಲಿ ಅಪ್ಪನದೇ ಪೌರೋಹಿತ್ಯ. ಅವನ ಮೈಕ್ರೋಮೀಟರು, ಸೈಕಲ್ಲು, ಅಮ್ಮನ ಹೊಲಿಗೆ ಯಂತ್ರ, ನನ್ನ ಕಂಪ್ಯೂಟರು, ಕೊನೆಗೆ ಇಸ್ತ್ರಿಪೆಟ್ಟಿಗೆಯೂ ಅವನ ಕೈಯಿಂದ ತಪ್ಪಿಸಿಕೊಳ್ಳುತ್ತಿರಲಿಲ್ಲ.

ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಪೂಜೆ ಮುಗಿದಿತ್ತು. ಕಂಪ್ಯೂಟರಿನ ಮುಂದೆ ಎರಡು ಡಿಸ್ಕುಗಳು ತಟ್ಟೆಯಲ್ಲಿ ಕೂತಿದ್ದವು, ಹೊಳೆಯುವ ಮೈ ಮೇಲೆ ಮಾಡಿಕೊಂಡು. ಒಂದೊಂದರ ಮೇಲೂ ಗಂಧದ ಮೂರು ಪಟ್ಟೆ, ನಡುವೆ ದೊಡ್ಡ ಕುಂಕುಮ.

"ಅಪ್ಪಾ! ಆ ಕಡೆ ಯಾಕೆ ಹಚ್ಚಿದೆ? ಬರೆದಿರೋದು ಆ ಕಡೇಲೇ ಅಲ್ವಾ ಇರೋದು!"

"ಬರೆದಿರೋ ಕಡೆ ಬೆನ್ನು ಕಣವ್ವ. ಪೆನ್ನಲ್ಲಿ ಗೀಚವ್ನೆ," ಅಂದ ಅಪ್ಪ ಶಾಂತವಾಗಿ. "ಮಖ ನೋಡ್ಕೋಬೌದು, ಅಂಗೆ ಹೊಳೀತೈತೆ. ಅದೇ ಮಖ. ಮಖ ಬುಟ್ಟು ಬೆನ್ಗೆ ಯಾರು ಹಚ್ತಾರೆ?"

ವಾದಕ್ಕೆ ಜಾಗವಿರಲಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತಿತ್ತು ಕೂಡ. ಆದರೆ ನನ್ನ ಕೂಗು ಕೇಳಿದ ಅಮ್ಮ, ಮಗಳ ಸಾಮಾನು ಕೊಳೆಯಾಯಿತಲ್ಲ ಎಂದು ಎರಡನ್ನೂ ಎತ್ತಿಕೊಂಡು ಹೋಗಿ, ಪಾತ್ರೆ ಪುಡಿ ಹಾಕಿ, ತೆಂಗಿನ ನಾರಿನಲ್ಲಿ ಗಸಗಸ ತಿಕ್ಕಿ, "ನೋಡು, ಫಳಫಳ ಅಂತಿದೆ" ಎಂದು ತಂದುಕೊಟ್ಟಳು. ನಾನು ಅಡುಗೆಮನೆಗೆ ಓಡುವುದರೊಳಗೆ ಎರಡನೆಯದೂ ಮುಗಿದಿತ್ತು. ಡಿಸ್ಕುಗಳ ಮೈಮೇಲೆ ಬಾಣಲೆಯ ಮೇಲಿರುವಂಥ ಗೀರುಗಳು. ಪ್ಲೇಯರು ಅವನ್ನು ಒಳಗೆಳೆದುಕೊಂಡು, ಸ್ವಲ್ಪ ಹೊತ್ತು ಗೊರಗೊರ ಎಂದು, ಹೊರಗೆ ದಬ್ಬಿತು.

ಇಮ್ರಾನನ ಅಂಗಡಿಗೆ ಓಡಿದೆ. ಶಟರು ಎಳೆದಿತ್ತು. ಅದಕ್ಕೂ ಬಾಳೆಕಂದು, ಅರಿಶಿನ ಕುಂಕುಮ, ಮುಂದೆ ಒಡೆದ ಕುಂಬಳಕಾಯಿ. ಬೆಳಿಗ್ಗೆ ಅಪ್ಪನೇ ಬಂದು ಅವನ ಕಂಪ್ಯೂಟರುಗಳಿಗೂ ಪೂಜೆ ಮಾಡಿಸಿದ್ದನಂತೆ. ಹೇಗೂ ಮುಟ್ಟುವಂತಿಲ್ಲವಲ್ಲ ಎಂದು ಇಮ್ರಾನ್ ತುಮಕೂರಿನ ಅತ್ತೆಮನೆಗೆ ಹೋಗಿದ್ದಾನೆ ಎಂದು ಪಕ್ಕದ ಬೇಕರಿಯವರು ಹೇಳಿದರು. ಎದುರಿನ ಪ್ರೆಸ್ಸು ಕೂಡ ತೆಪ್ಪಗೆ ನಿಂತಿತ್ತು. ವರ್ಷದಲ್ಲಿ ಅದೊಂದು ದಿನ ಆ ಬೀದಿಯಲ್ಲಿ ನೆಮ್ಮದಿಯಾಗಿ ಡಿಸ್ಕ್ ಬರೆಯಬಹುದಿತ್ತು. ಆ ದಿನವೇ ಬರೆಯುವವರಿಲ್ಲ.

ತಾರಸಿ ಹತ್ತಿ ಶಾಂತವ್ವನಿಗೆ ಹೇಳಿದೆ. ಅವಳು ಚೀಲ ತುಂಬುತ್ತಿದ್ದಳು. ಗೀರು ಬಿದ್ದ ಡಿಸ್ಕನ್ನು ಕೈಗೆ ತೆಗೆದುಕೊಂಡು ನೋಡಿ ಮೊದಲು ನಕ್ಕಳು. "ಅಮ್ಮಾರು ಭಾಳ ಚಲೋ ತಿಕ್ಕ್ಯಾರ್ರಿ," ಅಂದಳು. ಟ್ರಂಕಿನಿಂದ ಕುಂಚಿಗೆಯಲ್ಲಿ ಸುತ್ತಿಟ್ಟ ಹಳೆಯ ಮೂರು ಡಿಸ್ಕು ಹೊರಗೆ ಬಂದವು.

"ಎರಡನೇದನ್ನ ಇಲ್ಲೇ ಬಿಟ್ಟು ಹೋಗು ಬೇಕಾದ್ರೆ," ಅಂದೆ.

"ಹೆಸರ ಇಟ್ಟದ್ದೂ ಅದರಾಗ ಐತಲ್ರಿ. ಹೆಸರ ಇಡದ ತೊಟ್ಟಲಾ ಏನ ತೋರ್ಸಲಿ ಆಕಿಗೆ?"

ಹಾಗಾದರೆ ಮುಂದಕ್ಕೆ ಓಡಿಸುವುದನ್ನು ಕಲಿ ಎಂದು ಕೆಳಗೆ ಕರೆದುಕೊಂಡು ಹೋದೆ. ಟಿ.ವಿ.ಗೂ ಪೂಜೆಯಾಗಿತ್ತು. ಅಪ್ಪ ಬಾಗಿಲಲ್ಲಿ ನಿಂತು ನೋಡಿದ, ಶಾಂತವ್ವನ ಮುಖ ನೋಡಿದ, "ಅದೇನ್ ಆಯುಧನಾ? ಆಕ್ಕೊಳಿ, ಆಕ್ಕೊಳಿ" ಎಂದು ಹೊರಗೆ ಹೋದ. ರಿಮೋಟಿನಲ್ಲಿ ಎರಡು ಬಾಣದ ಗುಂಡಿ ಯಾವುದೆಂದು ತೋರಿಸಿದೆ. ಅವಳು ಒತ್ತಿದಳು. ಪರದೆಯ ಮೇಲಿನ ಶಾಂತವ್ವ ಇರುವೆಯ ಹಾಗೆ ಸರಸರ ಬಂದಳು, ಹೋದಳು, ಬಂದಳು. ಆಮೇಲೆ ತೊಟ್ಟಿಲು, ಬೇರಿಂಗು, ನನ್ನ ಕಿವಿ. "ಇಷ್ಟ ಹೌದಲ್ರಿ? ಬರತೈತಿ ತಗೋರಿ," ಅಂದಳು. ಸಂಜೆ ಕೂಸನ್ನು ಕಟ್ಟಿಕೊಂಡು ಗಂಡ ಹೆಂಡತಿ ಬಸ್ಸು ಹತ್ತಿದರು.

ರಜೆ ಕಳೆದು ಅವರು ಮರಳಿದ್ದು ಒಂದು ಬೆಳಿಗ್ಗೆ. ನಾನು ತಾರಸಿಯಲ್ಲಿ ಬಟ್ಟೆ ಹರವುತ್ತಿದ್ದೆ. ಶಾಂತವ್ವ ಮೆಟ್ಟಿಲು ಹತ್ತಿ ಬಂದವಳೇ ಕೂಸನ್ನು ನನ್ನ ಕೈಗೆ ಕೊಟ್ಟು, ಉಸಿರು ಬಿಡದೆ ಶುರು ಮಾಡಿದಳು.

"ಒತ್ಲಿಲ್ಲರೀ ಅಕ್ಕಾರ ನಾ."

"ಯಾಕೆ? ಮರೆತುಹೋಯ್ತಾ?"

"ಇಲ್ರೀ. ರಿಮೋಟಿನ ಗುಂಡಿ ಮ್ಯಾಲ ಬಟ್ಟ ಇಟಗೊಂಡ ಕುಂತಿದ್ದೆ. ಕೂಸನ್ನ ಮೊದ್ಲ ಎತ್ತಿಕೊಂಡಳ ಆಕಿ, ಅದಕ್ಕ ಇಲ್ಲ ಅನ್ನಂಗಿಲ್ಲ. ಆದ್ರ ನನ್ನ ಕೂಡ ಒಂದ ಮಾತ ಆಡ್ಲಿಲ್ಲರೀ. ಅಣ್ಣ ಸಿನಿಮಾ ಹಾಕಿದ್ರ ಗ್ವಾಡಿ ಕಡೆ ಮಾರಿ ಮಾಡಿ ಶೇಂಗಾ ಸುಲೀಲಿಕ್ಕ ಕುಂತಳು. ಗುಂಡುಕಲ್ಲ ಬಂತು, ನೋಡ್ಲಿಲ್ಲ. ಹಾಡ ಬಂತು, ನೋಡ್ಲಿಲ್ಲ. ಎಲ್ಲಾ ಶಾಸ್ತ್ರ ಬರೋಬ್ಬರಿ ಮಾಡೀವಿ ಅಂದ್ರೂ ಆಕಿಗೇನ ಆಗ್ಲಿಲ್ಲರೀ. ಸೋತಂಗ ಆತ ನನಗ. ಎರಡನೇದ ಹಾಕಿದ್ರು. ನಮ್ಮ ಮೆಟ್ಲಾ ಬಂತು. ಒತ್ತಬೇಕ ಅಂದೆ. ಒತ್ತಿ ಇನ್ನ ಏನ ಉಳಸಕೋಬೇಕ ಅನಸ್ತು. ಬಿಟ್ಟೆ."

"ಆಮೇಲೆ?"

"ಯಾರ ಮಾತಿಲ್ಲ, ಹಾಡಿಲ್ಲಲ್ರಿ ಅದರಾಗ. ಸಪ್ಪಳಿಲ್ಲ ಯಾಕ ಅಂತ ಆಕಿ ಹೊಳ್ಳಿ ನೋಡಿದ್ಲು. ನಾ ಬರೂದು, ಓಣಿ ನೋಡೂದು, ಹೋಗೂದು. ಅಣ್ಣ, 'ಏನ ಇದು, ಮುಂದ ಓಡಸು' ಅಂದ. 'ಸುಮ್ನಿರು' ಅಂದ್ಲು ಅವ್ವ. ಆಟೋ ಬಂತಲ್ರಿ, ನಾ ಸೆರಗ ಸರಿ ಮಾಡಕೊಂಡೆನಲ್ಲ, ಅಲ್ಲೀತನ ನೋಡಿದ್ಲು. ಶೇಂಗಾ ಎಲ್ಲಾ ಕೈಯಾಗ ಹಂಗ ಅದಾವು. ಆಮ್ಯಾಲ ಏನ ಕೇಳಿದ್ಲು ಗೊತ್ತೇನ್ರಿ? 'ಬಸ್‌ಸ್ಟಾಪ ಆ ಕಡೆ ಐತೇನ?' ಅಂದ್ಲು. ಹೂಂ ಅಂದೆ. 'ಅಲ್ಲಿಂದ ನಡಕೋಂತ ಬರಾಕ ಎಷ್ಟೊತ್ತಾಕೈತಿ?' ಅಂದ್ಲು."

ಕೂಸು ನನ್ನ ಕೊರಳ ಸರ ಹಿಡಿದು ಎಳೆಯುತ್ತಿತ್ತು. ನನಗೆ ಕೇಳಬೇಕಾದ ಪ್ರಶ್ನೆ ಒಂದೇ ಇತ್ತು. ಅದನ್ನು ಕೇಳಲು ಬಾಯಿ ತೆರೆಯುವಷ್ಟರಲ್ಲಿ ಕೆಳಗಿನಿಂದ, ಬಹುಶಃ ಮೆಟ್ಟಿಲಿನ ಮೊದಲನೆಯ ತಿರುವಿನಿಂದ, ಏದುಸಿರು ಬಿಡುತ್ತ ಒಂದು ದೊಡ್ಡ ದನಿ ಕೇಳಿಸಿತು:

"ಏ ಶಾಂತಾ! ಏಸ್ ಮೆಟ್ಲಾ ಅದಾವ ಇವು? ಟೀವ್ಯಾಗ ಇಷ್ಟ ಕಂಡಿದ್ದಿಲ್ಲಲ್ಲ!"